ಮಳೆಗಾಲದ ಕಳೆಯುವ ಲೆಕ್ಕ, ದೀಪಾವಳಿಯ ರೇಖಾಗಣಿತ

ಜುಲೈ ಕಾಲಿಟ್ಟಿತೆಂದರೆ ಕೊಲ್ಹಾಪುರದ ಮನೆಮನೆಯಲ್ಲೂ ಒಂದು ಅಂಕಿ ಓಡಾಡುತ್ತದೆ. ರಾಜಾರಾಮ ಬಂಧಾರದ ಹತ್ತಿರ ಪಂಚಗಂಗೆಯ ನೀರು ಎಷ್ಟು ಅಡಿಗೆ ಬಂತು? 39 ಅಡಿ ಎಚ್ಚರಿಕೆಯ ಮಟ್ಟ, 43 ಅಡಿ ಅಪಾಯದ ಮಟ್ಟ. 2019ರ ಮತ್ತು 2021ರ ಮಹಾಪೂರ ಕಂಡ ಊರಾದ್ದರಿಂದ ಈ ಎರಡು ಅಂಕಿಗಳನ್ನು ಯಾರೂ ಮಕ್ಕಳಿಗೆ ಕೂರಿಸಿ ಕಲಿಸಬೇಕಾಗಿಲ್ಲ. ಚಹಾದಂಗಡಿಯಲ್ಲಿ, ಎಸ್‌ಟಿ ಬಸ್ಸಿನಲ್ಲಿ, ಮನೆಯ ಜಗಲಿಯಲ್ಲಿ ಕಿವಿಗೆ ಬಿದ್ದು ಬಿದ್ದು ಬಾಯಿಪಾಠವಾಗಿರುತ್ತವೆ.

ಈ ಸುದ್ದಿಯೇ ನಾಲ್ಕನೇ ಇಯತ್ತೆಯ ಮಗುವಿಗೆ ಒಂದು ಒಳ್ಳೆಯ ಲೆಕ್ಕ. ಬೆಳಿಗ್ಗೆ ನೀರು 38 ಅಡಿ 9 ಇಂಚಿನಲ್ಲಿತ್ತು, ಸಂಜೆಗೆ 40 ಅಡಿ 4 ಇಂಚಿಗೆ ಬಂತು ಎಂದುಕೊಳ್ಳೋಣ. ಎಷ್ಟು ಏರಿತು? 4ರಲ್ಲಿ 9 ಹೋಗುವುದಿಲ್ಲ, ಪಕ್ಕದಿಂದ ಒಂದು ತರಬೇಕು. ರೂಢಿಯಂತೆ ಹತ್ತು ತಂದ ಮಗು 14ರಲ್ಲಿ 9 ಕಳೆದು '1 ಅಡಿ 5 ಇಂಚು' ಎನ್ನುತ್ತದೆ. ಪಕ್ಕದ ಮನೆಯಲ್ಲಿರುವುದು ಅಡಿ, ಅಲ್ಲಿಂದ ಒಂದನ್ನು ತಂದರೆ ಬರುವುದು ಹನ್ನೆರಡು ಇಂಚು ಎಂದು ತಿಳಿದ ಮಗು 16ರಲ್ಲಿ 9 ಕಳೆದು '1 ಅಡಿ 7 ಇಂಚು' ಎನ್ನುತ್ತದೆ. ದಶಕ ತರುವುದನ್ನು ಮಗು ಅರ್ಥ ಮಾಡಿಕೊಂಡಿದೆಯೋ, ಬರೀ ಕೈರೂಢಿ ಮಾಡಿಕೊಂಡಿದೆಯೋ ಎಂಬುದು ಈ ಒಂದು ಲೆಕ್ಕದಲ್ಲೇ ಬಯಲಾಗುತ್ತದೆ. ಗೋಡೆಗೆ ಚೌಕಳಿ ಹಾಳೆ ಅಂಟಿಸಿ ದಿನವೂ ಸಂಜೆಯ ಮಟ್ಟಕ್ಕೊಂದು ಚುಕ್ಕಿ ಇಡಿಸಿ, ಚುಕ್ಕಿಗಳನ್ನು ಗೆರೆಯಿಂದ ಸೇರಿಸಿದರೆ ಆಲೇಖವೂ ಆಯಿತು.

ರಾಧಾನಗರಿ ಅಣೆಕಟ್ಟು ತುಂಬಿದಾಗ ಅದರ ಏಳು ಸ್ವಯಂಚಾಲಿತ ಬಾಗಿಲುಗಳು ತಾವಾಗಿ ತೆರೆದುಕೊಳ್ಳುತ್ತವೆ. ಒಂದು ಬಾಗಿಲಿನಿಂದ ಹೊರಬೀಳುವ ನೀರು 1,428 ಕ್ಯೂಸೆಕ್ ಎಂದು ಮರಾಠಿ ಪತ್ರಿಕೆಗಳಲ್ಲಿ ಪ್ರತಿ ಮಳೆಗಾಲವೂ ಬರುತ್ತದೆ. ಏಳರಿಂದ ಗುಣಿಸಿದರೆ 9,996. ಮೊದಲು ಅಂದಾಜು ಹೇಳಿಸಿ, ಆಮೇಲೆ ಗುಣಾಕಾರ ಮಾಡಿಸಿದರೆ ಹತ್ತು ಸಾವಿರಕ್ಕೆ ನಾಲ್ಕೇ ಕಡಿಮೆ ಎಂಬುದನ್ನು ಮಕ್ಕಳೇ ಕಂಡುಕೊಂಡು ಹಿಗ್ಗುತ್ತಾರೆ.

ಕಲಿತ ಗಣಿತವನ್ನು ಮತ್ತೆ ಮತ್ತೆ ಮನನ ಮಾಡಿಸಬೇಕಾದ ಅಗತ್ಯ ಎಷ್ಟಿದೆ ಎಂಬುದನ್ನು ಹಳ್ಳಿಯ ಮಕ್ಕಳ ಕಲಿಕೆಯನ್ನು ಅಳೆಯುವ 'ಅಸರ್' ಸಮೀಕ್ಷೆಯ 2024ರ ಅಂಕಿಗಳೇ ತೋರಿಸುತ್ತವೆ. ಭಾರತದ ಹಳ್ಳಿಗಳ ಮೂರನೇ ತರಗತಿಯ ಮಕ್ಕಳಲ್ಲಿ ಎರಡಂಕಿಯ ಕಳೆಯುವ ಲೆಕ್ಕ ಮಾಡಬಲ್ಲವರು ಶೇ. 33.7. ಐದನೇ ತರಗತಿಯಲ್ಲಿ ಭಾಗಾಕಾರ ಬಲ್ಲವರು ಶೇ. 30.7. 2022ಕ್ಕಿಂತ ಇದು ಮೇಲು, ಆಗ ಈ ಅಂಕಿಗಳು 25.9 ಮತ್ತು 25.6 ಇದ್ದವು. ಆದರೂ ಐದನೆಯ ತರಗತಿ ತಲುಪಿದ ಹತ್ತು ಮಕ್ಕಳಲ್ಲಿ ಏಳು ಮಂದಿಗೆ ಭಾಗಾಕಾರ ಬರುವುದಿಲ್ಲ ಎಂಬ ಸಂಗತಿ ಯಾವ ಪಾಲಕರಿಗೂ ನೆಮ್ಮದಿ ಕೊಡುವಂಥದ್ದಲ್ಲ.

ಹೀಗಿರುವಾಗ ಇನ್ನಷ್ಟು ಗೃಹಪಾಠ ಹೊರಿಸುವುದು ಸುಲಭದ ದಾರಿಯಾಗಿ ತೋರುತ್ತದೆ. ಮಹಾರಾಷ್ಟ್ರ–ಕರ್ನಾಟಕ ಗಡಿಭಾಗದ ಶಿಕ್ಷಕರು, ಪಾಲಕರು ಬೇರೆ ದಾರಿಯನ್ನೂ ನೋಡಬಹುದು. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಸೀಮೆಯಲ್ಲಿ ಪ್ರತಿ ಋತುವೂ ತನ್ನದೇ ಲೆಕ್ಕ ಹೊತ್ತು ಬರುತ್ತದೆ. ಹೊಳೆ, ಎತ್ತುಗಳ ಹಬ್ಬ ಬೆಂದೂರ, ಕೋಟೆ, ಕಬ್ಬು, ಮೆಣಸಿನಕಾಯಿ, ಫುಟ್‌ಬಾಲ್, ಯಾವುದನ್ನೂ ಹೊಸದಾಗಿ ಹುಡುಕಬೇಕಾಗಿಲ್ಲ. ಬಾಯಿಲೆಕ್ಕವನ್ನು ನೋಟ್‌ಬುಕ್ಕಿಗೆ ಇಳಿಸುವ ಕೆಲಸವೊಂದೇ ಬಾಕಿ. ಅದನ್ನು ಬಿಟ್ಟರೆ ಆಟ ಆಟವಾಗಿಯೇ ಉಳಿಯುತ್ತದೆ.

ಈ ಮಾತಿಗೆ ಆಧಾರ ದೂರದ ಬ್ರೆಜಿಲ್‌ನಲ್ಲಿದೆ. ಅಲ್ಲಿಯ ರೆಸಿಫೆ ನಗರದ ಬೀದಿಗಳಲ್ಲಿ ತೆಂಗಿನಕಾಯಿ, ಹಣ್ಣು ಮಾರುತ್ತಿದ್ದ 9ರಿಂದ 15 ವರ್ಷದ ಐವರು ಮಕ್ಕಳನ್ನು ತೆರೆಜಿನ್ಯಾ ನೂನೆಸ್, ಡೇವಿಡ್ ಕ್ಯಾರಹರ್, ಅನಲೂಸಿಯಾ ಶ್ಲೀಮನ್ ಎಂಬ ಸಂಶೋಧಕರು ಗಮನಿಸಿ 1985ರಲ್ಲಿ ಬರೆದರು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಮಕ್ಕಳ ಉತ್ತರ ಶೇ. 98ರಷ್ಟು ಸರಿ. ಅದೇ ಲೆಕ್ಕಗಳನ್ನು ಬರೀ ಅಂಕಿಗಳಲ್ಲಿ ಕೊಟ್ಟಾಗ ಸರಿಯಾದದ್ದು ಶೇ. 37ರಷ್ಟು ಮಾತ್ರ. ಒಂದು ಕಾಯಿಗೆ 35ರಂತೆ ನಾಲ್ಕು ಕಾಯಿಗೆ ಎಷ್ಟು ಎಂದಾಗ ಹನ್ನೆರಡು ವರ್ಷದ ಮಗು 'ಮೂರಕ್ಕೆ 105, ಅದಕ್ಕೆ 30 ಸೇರಿಸಿದರೆ 135, ಇನ್ನೊಂದು 5, ಒಟ್ಟು 140' ಎಂಬ ದಾರಿ ಹಿಡಿದು ಸರಿಯಾಗಿ ಹೇಳಿತು. ಆಮೇಲೆ ಅದೇ 35×4 ಅನ್ನು ಶಾಲೆಯ ಕ್ರಮದಲ್ಲಿ ಬಿಡಿಸಲು ಕೊಟ್ಟರೆ ನಾಲ್ಕೈದಲೆ ಇಪ್ಪತ್ತು, ಕೈಲಿ ಎರಡು. ಆ ಎರಡನ್ನು ಮೊದಲೇ ಮೂರಕ್ಕೆ ಸೇರಿಸಿ ಐದು ಮಾಡಿ, ನಾಲ್ಕರಿಂದ ಗುಣಿಸಿ 200 ಎಂದು ಬರೆಯಿತು. ನಮ್ಮ ಶಾಲೆಗಳಲ್ಲೂ ಇದೇ ತಪ್ಪು ದಿನಾ ಆಗುತ್ತದೆ.

ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಎಲಿಜಬೆತ್ ಸ್ಪೆಲ್ಕಿ ಮತ್ತು ಸಂಗಡಿಗರು ಕೋಲ್ಕತಾ ಮತ್ತು ದೆಹಲಿಯ ಸಂತೆಗಳಲ್ಲಿ ದುಡಿಯುವ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇನ್ನೊಂದು ಮುಖವನ್ನೂ ತೋರಿಸಿದರು. ಸಂತೆಯ ಮಕ್ಕಳಿಗೆ ಶಾಲೆಯ ಲೆಕ್ಕ ಕಷ್ಟ. ಶಾಲೆಯ ಲೆಕ್ಕ ಬಲ್ಲ ಮಕ್ಕಳಿಗೆ ಸಂತೆಯ ಲೆಕ್ಕ ಕಷ್ಟ. ಎರಡೂ ಕಡೆಯ ಜಾಣತನ ತಾನಾಗಿ ಒಂದರಿಂದ ಇನ್ನೊಂದಕ್ಕೆ ದಾಟುವುದಿಲ್ಲ. ದಾಟಿಸಬೇಕಾದವರು ದೊಡ್ಡವರೇ.

ಗಡಹಿಂಗ್ಲಜ ಕಡೆಯ ಕನ್ನಡ ಮನೆಗಳ ಮಕ್ಕಳಿಗೆ ಇನ್ನೊಂದು ತೊಡಕೂ ಇದೆ. ಮನೆಯಲ್ಲಿ ಅಜ್ಜಿ ಎಣಿಸುವುದು ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು ಎಂದು. ಹತ್ತು ಮೊದಲು, ಬಿಡಿ ಆಮೇಲೆ. ಮರಾಠಿ ಶಾಲೆಯಲ್ಲಿ ಎಕವೀಸ್, ಬಾವೀಸ್. ಬಿಡಿ ಮೊದಲು, ಹತ್ತು ಆಮೇಲೆ. ಮರಾಠಿ ಮಕ್ಕಳಿಗೇ ಇದು ಗೊಂದಲವೆಂದು 2019ರಲ್ಲಿ ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯು ಎರಡನೇ ಇಯತ್ತೆಯ ಗಣಿತ ಪುಸ್ತಕದಲ್ಲಿ 'ವೀಸ್ ಎಕ್' ಎಂಬ ಓದುವ ಕ್ರಮ ತಂದಾಗ ಮಹಾರಾಷ್ಟ್ರದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಗಣಿತಜ್ಞೆ ಮಂಗಲಾ ನಾರ್ಳಿಕರ್ ಅದನ್ನು ಸಮರ್ಥಿಸಿದರು. ಆ ಕ್ರಮ ಕನ್ನಡದ ಮಗುವಿಗೆ ಹುಟ್ಟಿನಿಂದಲೇ ಸಿಕ್ಕಿದೆ. 72 ಎಂದು ಬರೆಯಲು ಹೇಳಿದರೆ 27 ಬರೆಯುವ ಮಗುವಿಗೆ ಮೊದಲು 'ಎಪ್ಪತ್ತೆರಡು' ಎಂದು ಕನ್ನಡದಲ್ಲಿ ಹೇಳಿಕೊಂಡು ಆಮೇಲೆ ಬರೆ ಎಂದರೆ ಸಾಕು. ಮನೆಮಾತು ಇಲ್ಲಿ ಅಡ್ಡಿಯಲ್ಲ, ಊರುಗೋಲು.

ಮತ್ತೆ ಮಳೆಗೆ ಬರೋಣ. ಹೊರಗೆ ಆಡಲಾಗದ ಮಧ್ಯಾಹ್ನಗಳಿಗೆ ಮಹಾರಾಷ್ಟ್ರದವರೇ ಆದ ಒಬ್ಬ ಶಾಲಾ ಶಿಕ್ಷಕರು ಚಂದದ ಆಟವೊಂದನ್ನು ಬಿಟ್ಟು ಹೋಗಿದ್ದಾರೆ. ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಗಣಿತ ಕಲಿಸುತ್ತಿದ್ದ ದ. ರಾ. ಕಾಪ್ರೇಕರ್ (1905–1986) ಕಂಡುಹಿಡಿದ 6174ರ ಆಟವದು. ಯಾವುದೇ ನಾಲ್ಕಂಕಿ ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು ಅಷ್ಟೆ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಆಮೇಲೆ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಿರಿ. ಬಂದ ಉತ್ತರಕ್ಕೂ ಹಾಗೆಯೇ ಮಾಡಿ. ಇಚಲಕರಂಜಿಯಲ್ಲಿ ಮೊದಲ ಪವರ್‌ಲೂಮ್ ಓಡಿದ 1904ನೇ ಇಸವಿಯಿಂದಲೇ ಶುರು ಮಾಡೋಣ. 9410ರಲ್ಲಿ 0149 ಹೋದರೆ 9261. 9621ರಲ್ಲಿ 1269 ಹೋದರೆ 8352. 8532ರಲ್ಲಿ 2358 ಹೋದರೆ 6174. ಇನ್ನು ಮುಂದೆ ಎಷ್ಟು ಸಲ ಮಾಡಿದರೂ ಅದೇ 6174. ಯಾವ ಸಂಖ್ಯೆಯಿಂದ ಹೊರಟರೂ ಏಳು ಮೆಟ್ಟಿಲೊಳಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ನಡುವೆ ಒಂದು ಕಡೆ ಕಳೆಯುವುದು ತಪ್ಪಿದರೂ ಹಿಂದಿರುಗಿ ನೋಡಿದಾಗ ಸಿಕ್ಕಿಬೀಳುತ್ತದೆ. ಅಪ್ಪ ಹುಟ್ಟಿದ ವರ್ಷ, ಬೈಕಿನ ನಂಬರು, ಮನೆಯ ಫೋನಿನ ಕೊನೆಯ ನಾಲ್ಕು ಅಂಕಿ ಎಂದು ಮಕ್ಕಳು ತಾವೇ ಹುಡುಕುತ್ತಾ ಹೋದರೆ ಒಂದು ಪುಟದ ವ್ಯವಕಲನ ಬೇಸರವಿಲ್ಲದೆ ಮುಗಿದಿರುತ್ತದೆ.

ಇಚಲಕರಂಜಿಯ ಮಗುವಿಗೆ ಮಗ್ಗದ ಸದ್ದು ಹೊಸದಲ್ಲ. ಆದರೆ ಮಗ್ಗದ ಲೆಕ್ಕ ಎಷ್ಟೋ ಮನೆಗಳಲ್ಲಿ ಮಕ್ಕಳವರೆಗೆ ಬರುವುದೇ ಇಲ್ಲ. ಒಂದಿಂಚು ಬಟ್ಟೆಯಲ್ಲಿ ಎಷ್ಟು ಹೊಕ್ಕಿನ ಎಳೆ ಇವೆ ಎಂಬುದಕ್ಕೆ 'ಪಿಕ್' ಎನ್ನುತ್ತಾರೆ. ಕಾರ್ಮಿಕರ ಮಜೂರಿಯ ಮಾತುಕತೆಯೂ 52 ಪಿಕ್‌ನ ಮೀಟರು ಬಟ್ಟೆಯನ್ನು ಹಿಡಿದೇ ನಡೆಯುತ್ತದೆ. ರಟ್ಟಿನಲ್ಲಿ ಒಂದಿಂಚಿನ ಚೌಕ ಕಿಟಕಿ ಕತ್ತರಿಸಿ, ಹತ್ತಿ ಬಟ್ಟೆಯ ಮೇಲಿಟ್ಟು, ಭೂತಗನ್ನಡಿ ಹಿಡಿದು, ಗುಂಡುಸೂಜಿಯ ಮೊನೆಯಿಂದ ಒಂದೊಂದೇ ಎಳೆ ಎಣಿಸಬೇಕು. ಹತ್ತಕ್ಕೊಂದು ಗೆರೆ ಎಳೆದುಕೊಳ್ಳದಿದ್ದರೆ ಮೂವತ್ತರ ಹೊತ್ತಿಗೆ ಲೆಕ್ಕ ತಪ್ಪುತ್ತದೆ. ಹತ್ತರ ಕಟ್ಟು ಏಕೆ ಬೇಕೆಂಬುದು ಆಗ ಬೆರಳಿಗೇ ತಿಳಿಯುತ್ತದೆ. ಒಂದು ಮೀಟರಿಗೆ 39.37 ಇಂಚು. 52ರಿಂದ ಗುಣಿಸಿದರೆ ಮೀಟರಿಗೆ ಸುಮಾರು 2,047 ಎಳೆ. ಅಷ್ಟು ಸಲ ಲಾಳಿ ಅತ್ತಿಂದಿತ್ತ ಓಡಿದರೆ ಒಂದು ಮೀಟರು ಬಟ್ಟೆ. ಅಪ್ಪ ಒಂದು ಪಾಳಿಯಲ್ಲಿ ಎಷ್ಟು ಮೀಟರು ನೇಯ್ದ ಎಂದು ಕೇಳಿ ಮುಂದಿನ ಗುಣಾಕಾರವನ್ನು ಮಗುವೇ ಮಾಡಲಿ. ಮನೆಯ ದುಡಿಮೆ ಎಂಥದ್ದೆಂದು ಆ ಉತ್ತರ ಮಗುವಿಗೆ ತೋರಿಸಿಕೊಡುತ್ತದೆ.

ಬೆಂದೂರದ ಹಬ್ಬ ಈ ಜಿಲ್ಲೆಗೆ ಎರಡು ಸಲ ಬರುತ್ತದೆ. ಕಾರಹುಣ್ಣಿಮೆಯ ಹೊತ್ತಿಗೆ ಕರ್ನಾಟಕಿ ಬೆಂದೂರ, ಆಷಾಢದಲ್ಲಿ ಮಹಾರಾಷ್ಟ್ರ ಬೆಂದೂರ. ಎರಡರ ನಡುವೆ ಎಷ್ಟು ದಿನ, ಎಷ್ಟು ವಾರ ಎಂಬುದು ಕ್ಯಾಲೆಂಡರ್ ಓದಿಸಲು ಒಳ್ಳೆಯ ಪ್ರಶ್ನೆ. ಮಣ್ಣೆತ್ತು ಮಾಡುವ ಮಕ್ಕಳಿಗೆ ಎರಡೂ ಎತ್ತು ಒಂದೇ ಎತ್ತರ, ಒಂದೇ ತೂಕ ಬರುವಂತೆ ಮಾಡಿ ಎಂದರೆ ಅಳತೆಪಟ್ಟಿಗೂ ತಕ್ಕಡಿಗೂ ಕೆಲಸ ಸಿಗುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಗಣಿತಶಾಲೆ ದೀಪಾವಳಿಯದು. ಈ ಸೀಮೆಯ ಮಕ್ಕಳು ಅಂಗಳದಲ್ಲಿ, ಗಲ್ಲಿಯ ಮೂಲೆಯಲ್ಲಿ ಮಣ್ಣು, ಕಲ್ಲು, ಗೋಣಿಚೀಲ ಸೇರಿಸಿ ಕೋಟೆ ಕಟ್ಟುತ್ತಾರೆ. ಪನ್ಹಾಳಾ, ವಿಶಾಳಗಡ, ರಾಯಗಡ, ಪ್ರತಾಪಗಡ. ಮೇಲೆ ಶಿವಾಜಿ ಮಹಾರಾಜರ ಮೂರ್ತಿ, ಕೆಳಗೆ ಮಣ್ಣಿನ ಮಾವಳೆ ಸೈನಿಕರು. ಇಳಿಜಾರು ಹಸಿರಾಗಿ ಕಾಣಲೆಂದು ಸಾಸಿವೆಯನ್ನೋ ಅಳವೀ ಬೀಜವನ್ನೋ ಕೆಲವು ದಿನ ಮುಂಚೆಯೇ ಉದುರಿಸಿರುತ್ತಾರೆ. ಯಾವ ಶಿಕ್ಷಕರೂ ಒತ್ತಾಯಿಸದೆ ಮಕ್ಕಳು ತಾವಾಗಿ ಇಳಿಯುವ ಇಷ್ಟು ದೊಡ್ಡ ಯೋಜನೆ ವರ್ಷದಲ್ಲಿ ಇನ್ನೊಂದಿಲ್ಲ. ಹಾಗಾಗಿ ಇದನ್ನು ಬಿಡುವಿನ ಆಟವೆಂದು ತಳ್ಳಿಹಾಕುವುದು ತಪ್ಪು.

ಕೋಟೆಯಲ್ಲಿ ಅಡಗಿರುವ ಲೆಕ್ಕ ಒಂದೆರಡಲ್ಲ. ಕೋಟೆಯ ಚಿತ್ರಪಟವನ್ನು ಮೊದಲು ಚೌಕಳಿ ಹಾಳೆಯ ಮೇಲೆ ಬರೆಸಬೇಕು. ಹಾಳೆಯ ಒಂದು ಸೆಂಟಿಮೀಟರಿಗೆ ಅಂಗಳದ ಹತ್ತು ಸೆಂಟಿಮೀಟರು ಎಂದು ಗೊತ್ತು ಮಾಡಿಕೊಂಡರೆ ಪ್ರಮಾಣ ಕಲಿತಂತಾಯಿತು. ಹಾಳೆಯಲ್ಲಿ 12 ಸೆಂ.ಮೀ. ಉದ್ದದ ತಟಬಂದಿ ಅಂಗಳದಲ್ಲಿ 120 ಸೆಂ.ಮೀ., ಅಂದರೆ 1 ಮೀಟರು 20 ಸೆಂ.ಮೀ. ಗೋಡೆಯ ಸುತ್ತಳತೆಯನ್ನು ದಾರ ಹಿಡಿದು ಅಳೆಯಲಿ. ಮೆಟ್ಟಿಲು ಎಷ್ಟು, ಒಂದೊಂದರ ಎತ್ತರ ಎಷ್ಟು, ಒಟ್ಟು ಬುರುಜಿನ ಎತ್ತರ ಎಷ್ಟು ಎಂಬುದರಲ್ಲಿ ಗುಣಾಕಾರ, ಭಾಗಾಕಾರ ಎರಡೂ ಇವೆ. ಆರು ಮಕ್ಕಳು ಸೇರಿ ಕಟ್ಟುವಾಗ ಮೂರ್ತಿ, ಬಣ್ಣ, ಬೀಜಕ್ಕೆ ಆದ ಖರ್ಚನ್ನು ಆರು ಪಾಲು ಮಾಡಿದರೆ ಕೊನೆಗೆ ಉಳಿಯುವ ಎರಡು ಮೂರು ರೂಪಾಯಿ ಯಾರು ಹಾಕಬೇಕೆಂಬ ಜಗಳದಲ್ಲಿ ಶೇಷ ಎಂದರೇನು ಎಂಬುದು ಸ್ಪಷ್ಟವಾಗುತ್ತದೆ. ಬೀಜ ಬಿತ್ತಿದ ದಿನದಿಂದ ಸಸಿಯ ಎತ್ತರವನ್ನು ಮಿಲಿಮೀಟರಿನಲ್ಲಿ ಬರೆದಿಟ್ಟರೆ ವಿಜ್ಞಾನವೂ ಜೊತೆಗೂಡಿತು. ದೊಡ್ಡವರು ಬಂದು ತಾವೇ ಕೋಟೆ ಕಟ್ಟಿಕೊಡುವ ಚಾಳಿ ಮಾತ್ರ ಬೇಡ. ತಪ್ಪು ಅಳತೆಯಿಂದ ಬುರುಜು ವಾಲಿದರೆ ವಾಲಲಿ, ಏಕೆ ವಾಲಿತೆಂದು ಮಕ್ಕಳೇ ಹುಡುಕಲಿ.

ಪಕ್ಕದಲ್ಲೇ ಅಕ್ಕ ಚುಕ್ಕಿ ರಂಗೋಲಿ ಹಾಕುತ್ತಿರುತ್ತಾಳೆ. ಸಾಲಾಗಿ 1, 3, 5, 7, ಮತ್ತೆ 5, 3, 1 ಚುಕ್ಕಿ ಇಟ್ಟರೆ ಒಟ್ಟು 25. ಏಳರವರೆಗಿನ ಮೇಲಿನ ಭಾಗ 16, ಅಂದರೆ 4×4. ಕೆಳಗಿನ ಭಾಗ 9, ಅಂದರೆ 3×3. ನಡುವಿನ ಸಾಲು ಒಂಬತ್ತಾದರೆ ಎಷ್ಟು ಎಂದು ಚುಕ್ಕಿ ಇಡುವ ಮೊದಲೇ ಹೇಳಬಲ್ಲ ಮಗುವಿಗೆ ವರ್ಗ ಸಂಖ್ಯೆಯನ್ನು ಬೇರೆ ಪಾಠ ಮಾಡಬೇಕಾಗಿಲ್ಲ.

ನವೆಂಬರ್ 9, 10, 11ರಂದು ಕೊಲ್ಹಾಪುರದ ಮಹಾಲಕ್ಷ್ಮಿ ಗುಡಿಯಲ್ಲಿ ಕಿರಣೋತ್ಸವ. ಪಶ್ಚಿಮಕ್ಕೆ ಮುಖಮಾಡಿದ ಗುಡಿಯೊಳಗೆ ಮುಳುಗುವ ಸೂರ್ಯನ ಕಿರಣ ಮೊದಲ ದಿನ ದೇವಿಯ ಪಾದಕ್ಕೆ, ಮರುದಿನ ಎದೆಗೆ, ಮೂರನೆಯ ದಿನ ಮುಖಕ್ಕೆ ಬೀಳಬೇಕೆಂಬುದು ಕ್ರಮ. ಇದೇ ಉತ್ಸವ ಮತ್ತೆ ಜನವರಿ 31, ಫೆಬ್ರವರಿ 1, 2ರಂದು ಬರುತ್ತದೆ. ಈ ಎರಡು ಕಂತುಗಳ ನಡುದಿನಗಳನ್ನು ತೆಗೆದುಕೊಂಡು, ವರ್ಷದ ಅತಿ ಚಿಕ್ಕ ಹಗಲಾದ ಡಿಸೆಂಬರ್ 21ಕ್ಕೆ ಎಷ್ಟು ದಿನ ಅಂತರವೆಂದು ಎಣಿಸಲಿ. ನವೆಂಬರ್ 10ರಿಂದ ಡಿಸೆಂಬರ್ 21ಕ್ಕೆ 41 ದಿನ, ಅಲ್ಲಿಂದ ಫೆಬ್ರವರಿ 1ಕ್ಕೆ 42 ದಿನ. ಸೂರ್ಯ ದಕ್ಷಿಣಕ್ಕೆ ಸರಿದು ಮರಳುವಾಗ ಮತ್ತೆ ಅದೇ ಜಾಗದಲ್ಲಿ ಮುಳುಗುತ್ತಾನೆ ಎಂಬುದನ್ನು ಆ ಎರಡು ಅಂಕಿಗಳೇ ಹೇಳುತ್ತವೆ. ಶಾಲೆಯ ಅಂಗಳದಲ್ಲಿ ಒಂದು ಕೋಲು ನೆಟ್ಟು ಪ್ರತಿ ಸೋಮವಾರ ಮಧ್ಯಾಹ್ನದ ನೆರಳನ್ನು ಅಳೆದಿಟ್ಟರೆ ಈ ಓಡಾಟ ನೆಲದ ಮೇಲೂ ಕಾಣುತ್ತದೆ.

ಅಷ್ಟರಲ್ಲಿ ಕಬ್ಬಿನ ಹಂಗಾಮು. 2025–26ಕ್ಕೆ ಕೇಂದ್ರ ಸರಕಾರ ಕಬ್ಬಿಗೆ ಗೊತ್ತುಮಾಡಿದ ಕನಿಷ್ಠ ಬೆಲೆ, ಅಂದರೆ ಎಫ್‌ಆರ್‌ಪಿ, ಶೇ. 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಟನ್ನಿಗೆಷ್ಟು ಎಂದರೆ ಹತ್ತರಿಂದ ಗುಣಿಸಿ 3,550. ಇಳುವರಿ 0.1 ಏರಿದರೆ ಕ್ವಿಂಟಲಿಗೆ 3 ರೂಪಾಯಿ 46 ಪೈಸೆ ಹೆಚ್ಚು. ಶೇ. 11.25 ಬಂದರೆ? ಹತ್ತು ಮೆಟ್ಟಿಲು, 34 ರೂಪಾಯಿ 60 ಪೈಸೆ. ಐದನೆಯ ಇಯತ್ತೆಯ ದಶಮಾಂಶಕ್ಕೆ ರೈತರ ಮನೆಯಲ್ಲಿ ಇದಕ್ಕಿಂತ ತಟ್ಟುವ ಉದಾಹರಣೆ ಸಿಗಲಾರದು. ಗಾಣದ ಕಡೆ ಹೋದರೆ 30 ಕಿಲೋದ ಬೆಲ್ಲದ ಪೆಂಟಿಯಿಂದ 10, 5, 1 ಕಿಲೋದವರೆಗೆ ಹಲವು ಅಳತೆ. ಒಂದು ಕ್ವಿಂಟಲನ್ನು ಬರೀ 30 ಮತ್ತು 5 ಕಿಲೋದ ಪೆಂಟಿಗಳಲ್ಲಿ ಎಷ್ಟು ಬಗೆಯಲ್ಲಿ ತುಂಬಬಹುದು ಎಂಬ ಪ್ರಶ್ನೆಯನ್ನು ಕೊಟ್ಟು ಸುಮ್ಮನೆ ನೋಡಿ, ಮಕ್ಕಳು ಎಷ್ಟು ಹೊತ್ತು ಬೇಕಾದರೂ ತಲೆ ಕೆಡಿಸಿಕೊಳ್ಳುತ್ತಾರೆ.

ಚಳಿಗಾಲದಲ್ಲಿ ಗಡಿಯ ಎರಡೂ ಬದಿಯ ಶಾಲೆಗಳಲ್ಲಿ ಮಕ್ಕಳೇ ಅಂಗಡಿ ಹಾಕುವ ಸಂತೆ ನಡೆಯುತ್ತದೆ. ಮಹಾರಾಷ್ಟ್ರದಲ್ಲಿ ಬಾಲಬಾಜಾರ್, ಕರ್ನಾಟಕದಲ್ಲಿ ಮಕ್ಕಳ ಸಂತೆ ಅಥವಾ ಮೆಟ್ರಿಕ್ ಮೇಳ. ಕರ್ನಾಟಕದಲ್ಲಿ ಅಕ್ಷರ ಫೌಂಡೇಶನ್ ನಡೆಸಿಕೊಂಡು ಬಂದ 'ಗಣಿತ ಕಲಿಕಾ ಆಂದೋಲನ'ದಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಗಳೂ ಇವೆ, ಪಾಲಕರ ಎದುರಿಗೇ. ಸಂತೆಗಳು ಫೋಟೊ ತೆಗೆಸಿಕೊಳ್ಳುವಲ್ಲಿಗೇ ಮುಗಿದುಬಿಡುವುದು ಬೇಸರದ ಸಂಗತಿ. ಸಂಜೆ ಪ್ರತಿ ಮಗುವೂ ತಂದ ಮಾಲಿನ ಬೆಲೆ, ಮಾರಿದ್ದು, ಉಳಿದದ್ದು, ಲಾಭ ಅಥವಾ ನಷ್ಟವನ್ನು ಒಂದು ಪುಟದಲ್ಲಿ ಬರೆದು ಕೊಟ್ಟರೆ ರೆಸಿಫೆಯ ಮಕ್ಕಳಿಗೆ ಸಿಗದೇ ಹೋದ ಸೇತುವೆ ಇಲ್ಲಿ ಸಿಗುತ್ತದೆ. ಗಡಹಿಂಗ್ಲಜದ ಮಾರುಕಟ್ಟೆಯಲ್ಲಿ ಸಂಕೇಶ್ವರಿ ಮೆಣಸಿನಕಾಯಿಯ ಹರಾಜು ನಡೆಯುವ ದಿನ ತರಗತಿಯನ್ನೇ ಅಲ್ಲಿಗೆ ಕರೆದೊಯ್ದು ಕನಿಷ್ಠ, ಗರಿಷ್ಠ ಧಾರಣೆ ಬರೆಸಿ ಸರಾಸರಿ ತೆಗೆಸಬಹುದು.

ಫುಟ್‌ಬಾಲ್ ಬಿಟ್ಟು ಈ ಊರುಗಳ ಮಾತು ಪೂರ್ತಿಯಾಗದು. ಕೊಲ್ಹಾಪುರದ ಶಾಹೂ ಕ್ರೀಡಾಂಗಣವಿರಲಿ, ಗಡಹಿಂಗ್ಲಜದ ಮೈದಾನವಿರಲಿ, ಮಕ್ಕಳಿಗೆ ಅಂಕಪಟ್ಟಿ ಕಂಠಪಾಠ. ಗೆದ್ದರೆ 3, ಸಮವಾದರೆ 1, ಸೋತರೆ 0. 'ಐದು ಪಂದ್ಯದಲ್ಲಿ 8 ಅಂಕ ಬಂದಿದೆ, ಎಷ್ಟು ಗೆದ್ದಿರಬಹುದು?' ಎಂದು ಕೇಳಿ. ಎರಡು ಗೆಲುವು, ಎರಡು ಸಮ, ಒಂದು ಸೋಲು. ಬೇರೆ ದಾರಿ ಇದೆಯೇ ಎಂದು ಹುಡುಕುವಷ್ಟರಲ್ಲಿ ಮೂರರ ಮಗ್ಗಿಯ ಮನನ ಆಗಿಹೋಗಿರುತ್ತದೆ.

ಈ ಭಾಗದಲ್ಲಿ ವ್ಯವಹಾರದ ಲೆಕ್ಕಕ್ಕೂ ಕಲಿಕೆಗೂ ನಂಟು ಹಳೆಯದು. ಕನ್ನಡದಲ್ಲಿ 'ವ್ಯವಹಾರ ಗಣಿತ' ಬರೆದ 12ನೆಯ ಶತಮಾನದ ರಾಜಾದಿತ್ಯ ಪೂವಿನಬಾಗೆಯವನು; ಆ ಊರನ್ನು ಇಚಲಕರಂಜಿಗೆ ದೂರವಲ್ಲದ ರಾಯಬಾಗ ಎಂದು ಗುರುತಿಸುವವರಿದ್ದಾರೆ. 1917ರಲ್ಲಿ ಕೊಲ್ಹಾಪುರ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯ ಮಾಡಿದ ಶಾಹೂ ಮಹಾರಾಜರು ಮಕ್ಕಳನ್ನು ಶಾಲೆಗೆ ಕಳಿಸದ ಪಾಲಕರಿಗೆ ತಿಂಗಳಿಗೆ ಒಂದು ರೂಪಾಯಿ ದಂಡ ಹಾಕಿದ್ದರು. ಹಿಂದಿನ ತಲೆಮಾರು ಬರೀ ಮಗ್ಗಿಯನ್ನಲ್ಲ, ಪಾವಕಿ, ನಿಮಕಿ, ಪಾವಣಕಿ, ಸವಾಯಿಕಿ ಎಂದು ಕಾಲು, ಅರೆ, ಮುಕ್ಕಾಲು, ಒಂದೂಕಾಲರ ಕೋಷ್ಟಕಗಳನ್ನೂ ಒಪ್ಪಿಸುತ್ತಿತ್ತು. ಆ ಕಂಠಪಾಠಕ್ಕೆ ಮರಳಬೇಕಿಲ್ಲ. ಆದರೆ ಅವನ್ನು ಇನ್ನೂ ಬಲ್ಲ ಅಜ್ಜ ಮನೆಯಲ್ಲಿದ್ದರೆ ಮೇ ತಿಂಗಳ ರಜೆಯಲ್ಲಿ ಮೊಮ್ಮಗನ ಜೊತೆ ಪಂದ್ಯಕ್ಕೆ ಕೂರಿಸಬಹುದು: ಮುಕ್ಕಾಲು ಕಿಲೋದಂತೆ ಏಳು ಪೊಟ್ಟಣ ಎಷ್ಟು? ಅಜ್ಜ ಬಾಯಲ್ಲಿ, ಮೊಮ್ಮಗ ಕಾಗದದಲ್ಲಿ. ಉತ್ತರ ಐದೂಕಾಲು, ಯಾರು ಮೊದಲು, ಹೇಗೆ ಎಂಬುದನ್ನು ಇಬ್ಬರೂ ಹೇಳಬೇಕು.

ರಜೆಯಲ್ಲೇ ಕಲಿತದ್ದು ಹೆಚ್ಚು ಸೋರಿಹೋಗುವುದು. ಮಾವಿನ ಪೆಟ್ಟಿಯ ಡಜನ್ನುಗಳು, ಹಪ್ಪಳದ ಹಿಟ್ಟಿನ ಅಳತೆ, ಊರಿಗೆ ಹೋಗುವ ಬಸ್ಸಿನ ವೇಳೆ, ದಿನಕ್ಕೆ ಕಾಲು ಗಂಟೆ ಸಾಕು. ಅದಕ್ಕಿಂತ ಹೆಚ್ಚು ಎಳೆದರೆ ಹಬ್ಬವೂ ಪರೀಕ್ಷೆಯಾಗುತ್ತದೆ, ಮಗು ಎರಡರಿಂದಲೂ ದೂರ ಸರಿಯುತ್ತದೆ.

ಈ ಸೀಮೆಯ ಶಾಲೆಗಳು ಜೂನ್ ಮಧ್ಯದಲ್ಲಿ ಬಾಗಿಲು ತೆರೆಯುತ್ತವೆ. ಆ ಹೊತ್ತಿಗೆ ಮಗುವಿನ ಕೈಗೊಂದು ನೂರು ಪುಟದ ಚೌಕಳಿ ನೋಟ್‌ಬುಕ್ ಕೊಡಿ. ಮೊದಲ ಪುಟದಲ್ಲಿ ಪಂಚಗಂಗೆಯದೋ ಹಿರಣ್ಯಕೇಶಿಯದೋ ನೀರಿನ ಮಟ್ಟ ಬರೆಯಲಿ. ಆಡಿದ, ಅಳೆದ, ಕೊಂಡ, ಮಾರಿದ ಪ್ರತಿಯೊಂದು ಲೆಕ್ಕವೂ ಅಂಕಿಯಲ್ಲಿ ಒಮ್ಮೆ, ತನ್ನ ಮಾತಿನಲ್ಲಿ ಒಮ್ಮೆ ಅದರಲ್ಲಿ ಇಳಿಯಲಿ. ದೀಪಾವಳಿ ರಜೆ ಮುಗಿದಾಗ ಆ ನೋಟ್‌ಬುಕ್ಕನ್ನು ಶಾಲೆಗೆ ತೆಗೆದುಕೊಂಡು ಹೋಗಿ ಗಣಿತದ ಶಿಕ್ಷಕರಿಗೆ ತೋರಿಸಿ. ಮುಂದಿನ ಪಾಠಕ್ಕೆ ಉದಾಹರಣೆಗಳನ್ನು ಅದರಿಂದಲೇ ತೆಗೆದುಕೊಳ್ಳುವಂತೆ ಕೇಳಿ.